ಎಣ್ಣೆಯ ಪದರ ಮತ್ತು ಎರಡು ಅಂಕದ ರೆನಾಲ್ಡ್ಸ್

ಕಳೆದ ದೀಪಾವಳಿ ರಜೆಯಲ್ಲಿ ನಾನು ನಮ್ಮ ಮಾಮಾನ ಜೀಪಿನ ಇಂಜಿನ್ ಕೆಡಿಸಿಬಿಡುತ್ತಿದ್ದೆ. ಕೆಡಲಿಲ್ಲ, ಅದು ಮಾಮಾನ ಪುಣ್ಯ.

ಮಾಮಾ ರಾಯಬಾಗ ತಾಲ್ಲೂಕಿನವರು. ಹದಿನೆಂಟು ವರ್ಷದ ಹಳೆಯ ಡೀಸೆಲ್ ಜೀಪೊಂದು ಅವರ ಹೊಟ್ಟೆಪಾಡು. ಬೆಳಿಗ್ಗೆ ಹಾಲಿನ ಕ್ಯಾನು, ಮಧ್ಯಾಹ್ನ ಸಂತೆಗೆ ಹೋಗುವ ಮಂದಿ, ಸೀಜನ್ನಿನಲ್ಲಿ ಬೆಲ್ಲದ ಪೆಂಟೆ, ಹೀಗೆ ಅದು ದಿನವಿಡೀ ದುಡಿಯುತ್ತದೆ. ನಾನು ಚಿಕ್ಕೋಡಿಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಿದ್ದೇನೆ, ಐದನೇ ಸೆಮಿಸ್ಟರ್. ನಮ್ಮ ಮನೆತನದಲ್ಲಿ ಬಿಇ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಹಾಗಾಗಿ ಗಾಡಿ, ಪಂಪ್‌ಸೆಟ್, ಮಿಕ್ಸರ್, ಟಿವಿ ಏನು ಕೆಟ್ಟರೂ ನನ್ನನ್ನೇ ಕೇಳುತ್ತಾರೆ. ಫ್ಲೂಯಿಡ್ ಮೆಕ್ಯಾನಿಕ್ಸ್ ವಿಷಯ ಇನ್ನೂ ಪಾಸಾಗಿಲ್ಲ ಎಂಬುದನ್ನು ಮನೆಯಲ್ಲಿ ಹೇಳಿರಲಿಲ್ಲ.

ಆಯಿಲ್ ಬದಲಿಸುವ ಹೊತ್ತು ಬಂದಾಗ ಮಾಮಾ ಯಾವುದು ಹಾಕಿಸಲಿ ಎಂದು ಕೇಳಿದರು. ಈಗಿನ ಕಾರುಗಳೆಲ್ಲ 0ಡಬ್ಲ್ಯು-20 ಎಂಬ ತೆಳು ಆಯಿಲ್ ಬಳಸುತ್ತವೆ, ಎವರೇಜ್ ಜಾಸ್ತಿ ಬರುತ್ತದೆ ಎಂದು ನಾನು ಎಲ್ಲೋ ಓದಿದ್ದೆ. ಅದನ್ನೇ ಹಾಕಿಸಿ ಎಂದೆ. ಬೆಲೆ ಜಾಸ್ತಿ ಇತ್ತು. ಅಳಿಯ ಹೇಳಿದ್ದಾನೆ ಎಂದು ಅವರು ಮರುಮಾತಿಲ್ಲದೆ ಹಾಕಿಸಿದರು.

ಹತ್ತು ದಿನದ ನಂತರ ಸಂಕೇಶ್ವರದಿಂದ ನಿಪ್ಪಾಣಿ ಕಡೆ ಹೆದ್ದಾರಿಯಲ್ಲಿ ಹೊರಟಿದ್ದೆವು. ಗಾಡಿ ತುಂಬ ಮಂದಿ, ಮೇಲೆ ಸಾಮಾನು. ತವಂದಿ ಘಾಟ್ ಏರಿದ ಮೇಲೆ ಚಹಾಕ್ಕೆಂದು ನಿಲ್ಲಿಸಿದರು. ಇಂಜಿನ್ ಇನ್ನೂ ಆಫ್ ಮಾಡಿರಲಿಲ್ಲ. ನೋಡುತ್ತಿದ್ದಂತೆ ಆಯಿಲ್ ಪ್ರೆಶರಿನ ಕೆಂಪು ದೀಪ ಮಿನುಗತೊಡಗಿತು. ಆಕ್ಸಿಲರೇಟರ್ ಒತ್ತಿದರೆ ಆರುತ್ತದೆ, ಬಿಟ್ಟರೆ ಮತ್ತೆ ಹೊತ್ತಿಕೊಳ್ಳುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮಟ್ಟ ಸರಿಯಾಗಿಯೇ ಇತ್ತು.

ನಿಪ್ಪಾಣಿಯಲ್ಲಿ ಒಬ್ಬ ಹಿರಿಯ ಮಿಸ್ತ್ರಿಯ ಗ್ಯಾರೇಜಿಗೆ ಮೆಲ್ಲಗೆ ತಂದೆವು. ಅವರು ಡಿಪ್‌ಸ್ಟಿಕ್‌ನ ಆಯಿಲನ್ನು ಎರಡು ಬೆರಳಿನ ನಡುವೆ ಉಜ್ಜಿ, ಇದನ್ನು ಯಾರು ಹಾಕಿಸಿದರು ಎಂದು ಕೇಳಿದರು. ಮಾಮಾ ನನ್ನ ಕಡೆ ನೋಡಲಿಲ್ಲ. ಅವರು ನೋಡದೇ ಇದ್ದದ್ದೇ ನನಗೆ ಹೆಚ್ಚು ಚುಚ್ಚಿತು. ಮಿಸ್ತ್ರಿ ಬೈಯಲಿಲ್ಲ. ಗಾಡಿಯ ಪುಸ್ತಕದಲ್ಲಿ ಬರೆದದ್ದು 15ಡಬ್ಲ್ಯು-40, ಅದೂ ಡೀಸೆಲ್ ಇಂಜಿನ್ನಿನದು ಎಂದು ಹೇಳಿ, ಇದ್ದದ್ದನ್ನು ಇಳಿಸಿ ಅದನ್ನು ತುಂಬಿದರು. ಫಿಲ್ಟರನ್ನೂ ಬದಲಿಸಿದರು. ಕೆಲಸ ಮಾಡುತ್ತಲೇ ಒಂದು ಮಾತು ಹೇಳಿದರು: ಆಯಿಲ್ ಇರುವುದು ಕಬ್ಬಿಣವನ್ನು ಒದ್ದೆ ಮಾಡಲಿಕ್ಕಲ್ಲ, ಶಾಫ್ಟನ್ನು ಎತ್ತಿ ಹಿಡಿಯಲಿಕ್ಕೆ.

ಆ ಮಾತು ನನ್ನ ತಲೆಯಲ್ಲಿ ಕೂತಿತು. ಎಣ್ಣೆ ಕಬ್ಬಿಣವನ್ನು ಎತ್ತುವುದು ಹೇಗೆ? ಕಾಲೇಜು ಶುರುವಾದ ಮೇಲೆ ಲೈಬ್ರರಿಯಲ್ಲಿ ಯಂತ್ರ ವಿನ್ಯಾಸದ ಪುಸ್ತಕ ತೆಗೆದು ಬೇರಿಂಗಿನ ಅಧ್ಯಾಯ ಬಿಡಿಸಿದೆ. ಮೊದಲ ಸಮೀಕರಣದ ಮೇಲೆ ಒಂದು ಹೆಸರಿತ್ತು, ರೆನಾಲ್ಡ್ಸ್. ಚಿಕ್ಕವನಿದ್ದಾಗ ರೆನಾಲ್ಡ್ಸ್ ಎಂದರೆ ನನಗೆ ನೀಲಿ ಟೊಪ್ಪಿಗೆಯ ಪೆನ್ನು. ಕಾಲೇಜಿಗೆ ಬಂದ ಮೇಲೆ ರೆನಾಲ್ಡ್ಸ್ ನಂಬರ್, ಪೈಪಿನಲ್ಲಿ ಎರಡು ಸಾವಿರದ ಕೆಳಗಿದ್ದರೆ ಶಾಂತ ಹರಿವು, ಎರಡು ಅಂಕದ ಪ್ರಶ್ನೆ. ಆ ಎರಡು ಅಂಕದ ಮನುಷ್ಯನೇ ಮಾಮಾನ ಜೀಪಿನಲ್ಲೂ ಕೂತಿದ್ದಾನೆಂದು ನನಗೆ ಗೊತ್ತಿರಲಿಲ್ಲ.

ಆಸ್ಬೋರ್ನ್ ರೆನಾಲ್ಡ್ಸ್ ಹುಟ್ಟಿದ್ದು 1842ರ ಆಗಸ್ಟ್ 23ರಂದು, ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ. ಬೆಳೆದದ್ದು ಇಂಗ್ಲೆಂಡಿನ ಡೆಡಮ್ ಎಂಬ ಊರಿನಲ್ಲಿ. ತಂದೆ ಪಾದ್ರಿ, ಶಾಲೆಯ ಮುಖ್ಯೋಪಾಧ್ಯಾಯರು, ಗಣಿತ ಬಲ್ಲವರು. ಜೊತೆಗೆ ಒಕ್ಕಲುತನದ ಯಂತ್ರಗಳನ್ನು ಸುಧಾರಿಸುವ ಹುಚ್ಚು, ಅದಕ್ಕೆ ಪೇಟೆಂಟ್ ಕೂಡ ಪಡೆದಿದ್ದರು. ಮಗನಿಗೆ ಅದೇ ಗಾಳಿ ಬಡಿಯಿತು.

ನಮ್ಮಂಥವರು ಗಮನಿಸಬೇಕಾದ ಸಂಗತಿ ಮುಂದಿನದು. ರೆನಾಲ್ಡ್ಸ್ ನೇರವಾಗಿ ಕಾಲೇಜಿಗೆ ಹೋಗಲಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ, 1861ರಲ್ಲಿ, ಸ್ಟೋನಿ ಸ್ಟ್ರಾಟ್‌ಫರ್ಡ್ ಎಂಬ ಊರಿನ ಎಡ್ವರ್ಡ್ ಹೇಯ್ಸ್ ಎಂಬ ಇಂಜಿನಿಯರರ ವರ್ಕ್‌ಶಾಪಿಗೆ ಕೆಲಸ ಕಲಿಯಲು ಸೇರಿದರು. ಅಲ್ಲಿ ಯಂತ್ರಗಳ ಜೊತೆ ಕೈ ಮಸಿ ಮಾಡಿಕೊಂಡಾಗ, ತಾನು ನೋಡುತ್ತಿರುವುದನ್ನು ಅರ್ಥ ಮಾಡಿಕೊಳ್ಳಲು ಗಣಿತ ಬೇಕು ಎಂಬುದು ಅವರಿಗೆ ಹೊಳೆಯಿತು. ಆಮೇಲೆ ಕೇಂಬ್ರಿಜಿನ ಕ್ವೀನ್ಸ್ ಕಾಲೇಜಿಗೆ ಹೋದರು. 1867ರಲ್ಲಿ ಗಣಿತದಲ್ಲಿ ಇಡೀ ವಿಶ್ವವಿದ್ಯಾಲಯಕ್ಕೆ ಏಳನೆಯವರಾಗಿ ಪಾಸಾದರು. ನಮ್ಮದು ಇದರ ಉಲ್ಟಾ. ಮೊದಲು ಸೂತ್ರ ಬಾಯಿಪಾಠ, ಯಂತ್ರವನ್ನು ಮುಟ್ಟುವುದು ಕೆಲಸ ಸಿಕ್ಕರೆ.

ಲಂಡನ್ನಿನಲ್ಲಿ ಸ್ವಲ್ಪ ಕಾಲ ಸಿವಿಲ್ ಇಂಜಿನಿಯರ್ ಆಗಿ ದುಡಿದರು. ಆ ಹೊತ್ತಿಗೆ ಮ್ಯಾಂಚೆಸ್ಟರಿನ ಕಾರ್ಖಾನೆದಾರರು ಹಣ ಕೂಡಿಸಿ ಅಲ್ಲಿನ ಓವೆನ್ಸ್ ಕಾಲೇಜಿನಲ್ಲಿ ಇಂಜಿನಿಯರಿಂಗ್ ಪ್ರಾಧ್ಯಾಪಕ ಹುದ್ದೆಯೊಂದನ್ನು ಹುಟ್ಟುಹಾಕಿದ್ದರು. ರೆನಾಲ್ಡ್ಸ್ ಅರ್ಜಿ ಹಾಕಿದರು, 1868ರಲ್ಲಿ ಕೆಲಸ ಸಿಕ್ಕಿತು. ಆಗ ಅವರಿಗೆ ಇಪ್ಪತ್ತೈದು ವರ್ಷ. ಇಂಜಿನಿಯರಿಂಗ್ ಪ್ರಾಧ್ಯಾಪಕ ಎಂಬ ಹುದ್ದೆಯೇ ಆಗ ಇಂಗ್ಲೆಂಡಿಗೆ ಹೊಸದು. ಅದೇ ವರ್ಷ ಮದುವೆಯಾಯಿತು. ಆದರೆ ಮರುವರ್ಷವೇ ಹೆಂಡತಿ ತೀರಿಕೊಂಡರು. ಉಳಿದ ಒಬ್ಬ ಮಗನೂ 1879ರಲ್ಲಿ ಹೋದ. 1881ರಲ್ಲಿ ಅವರು ಮತ್ತೆ ಮದುವೆಯಾದರು. ಅವರ ಹೆಸರು ಉಳಿಸಿದ ಎರಡು ದೊಡ್ಡ ಕೆಲಸಗಳು ಬಂದದ್ದು ಇದಾದ ಮೇಲೆ, ಮೂರು ವರ್ಷದ ಅಂತರದಲ್ಲಿ.

ಮೇಷ್ಟ್ರಾಗಿ ಅವರು ಸುಲಭದವರಾಗಿರಲಿಲ್ಲ. ಹದಿನಾಲ್ಕನೆಯ ವಯಸ್ಸಿಗೆ ಓವೆನ್ಸ್ ಕಾಲೇಜು ಸೇರಿದ ಜೆ. ಜೆ. ಥಾಮ್ಸನ್ ಅವರ ವಿದ್ಯಾರ್ಥಿ. ಮುಂದೆ ಎಲೆಕ್ಟ್ರಾನ್ ಕಂಡುಹಿಡಿದವರು ಇವರೇ. ರೆನಾಲ್ಡ್ಸ್ ಪಾಠದ ನಡುವೆ ತಮ್ಮದೇ ಯೋಚನೆಯಲ್ಲಿ ಮುಳುಗಿ ಎಲ್ಲೋ ಹೋಗಿಬಿಡುತ್ತಿದ್ದರು, ಹಿಂಬಾಲಿಸುವುದು ಕಷ್ಟವಾಗುತ್ತಿತ್ತು ಎಂದು ಥಾಮ್ಸನ್ ನೆನೆದಿದ್ದಾರೆ. ಇದನ್ನು ಓದಿ ನನ್ನ ಬ್ಯಾಕ್‌ಲಾಗಿಗೆ ಸ್ವಲ್ಪ ಸಮಾಧಾನವಾಯಿತು. ರೆನಾಲ್ಡ್ಸರ ಪಾಠ ನನಗೂ ಅರ್ಥವಾಗುತ್ತಿರಲಿಲ್ಲವೇನೋ.

1883ರಲ್ಲಿ ಪೈಪಿನ ಪ್ರಯೋಗ ಪ್ರಕಟವಾಯಿತು. ನೀರು ತುಂಬಿದ ತೊಟ್ಟಿ, ಅದರೊಳಗೆ ಗಾಜಿನ ಕೊಳವೆ, ಕೊಳವೆಯ ಬಾಯಿಗೆ ದಾರದಂತೆ ಬಣ್ಣದ ನೀರು. ಮೆಲ್ಲಗೆ ಹರಿಸಿದರೆ ಬಣ್ಣದ ಎಳೆ ನೆಟ್ಟಗೆ ಹೋಗುತ್ತದೆ, ವೇಗ ಹೆಚ್ಚಿಸಿದರೆ ಒಂದು ಹಂತದಲ್ಲಿ ಒಡೆದು ಕಲಸಿಹೋಗುತ್ತದೆ. ನಮ್ಮ ಲ್ಯಾಬಿನಲ್ಲೂ ಅದರ ಮರಿ ಇದೆ. ಅದನ್ನು ಎಲ್ಲರೂ ಓದಿದ್ದಾರೆ, ನಾನು ಹೇಳಬೇಕಾದದ್ದು ಎರಡನೆಯದು.

ಅದೇ 1883ರಲ್ಲಿ ಬೋಶಾಂ ಟವರ್ ಎಂಬ ಇಂಜಿನಿಯರ್ ರೈಲು ಗಾಡಿಯ ಅಚ್ಚಿನ ಬೇರಿಂಗಿನ ಮೇಲೆ ಪ್ರಯೋಗ ಮಾಡಿದರು. ರಾಯಬಾಗ, ಕುಡಚಿ, ಉಗಾರ, ಶೇಡಬಾಳ ದಾಟಿ ಮಿರಜಿಗೆ ಹೋಗುವ ರೈಲಿನಲ್ಲಿ ಓಡಾಡುವ ನಮಗೆ ಅಚ್ಚು ಎಂದರೆ ಗೊತ್ತು. ತಿರುಗುವ ಅಚ್ಚಿನ ಮೇಲೆ ಹಿತ್ತಾಳೆಯ ಅರ್ಧ ಬಳೆ, ಅದರ ಮೇಲೆ ಇಡೀ ಡಬ್ಬಿಯ ಭಾರ. ಎಣ್ಣೆ ಹಾಕಲು ಬಳೆಯ ನೆತ್ತಿಯಲ್ಲಿ ಟವರ್ ಒಂದು ತೂತು ಕೊರೆಸಿದರು. ಅಚ್ಚು ತಿರುಗಿದ್ದೇ ತಡ, ಎಣ್ಣೆ ಒಳಗೆ ಇಳಿಯುವ ಬದಲು ತೂತಿನಿಂದ ಮೇಲಕ್ಕೆ ಉಕ್ಕಿತು. ಬೂಚು ಬಡಿದರು, ಬೂಚು ಹೊರಗೆ ಬಂತು. ಕಟ್ಟಿಗೆಯ ಗೂಟ ಬಡಿದರು, ಅದೂ ಎದ್ದು ಬಂತು. ಕೊನೆಗೆ ಅಲ್ಲಿ ಪ್ರೆಶರ್ ಗೇಜ್ ಜೋಡಿಸಿದರು. ಬೇರಿಂಗಿನ ಮೇಲಿದ್ದ ಸರಾಸರಿ ಭಾರ ಚದರ ಇಂಚಿಗೆ 100 ಪೌಂಡ್, ಗೇಜಿನ ಮುಳ್ಳು 200 ಪೌಂಡ್ ದಾಟಿತು.

ಅಲ್ಲಿ ಪಂಪ್ ಇರಲಿಲ್ಲ. ಹಾಗಾದರೆ ಒತ್ತಡ ಎಲ್ಲಿಂದ ಬಂತು? ಟವರ್ ನೋಡಿದ್ದನ್ನು ನೋಡಿದಂತೆ ಬರೆದಿಟ್ಟರು. ಅದಕ್ಕೆ ಕಾರಣ ಕೊಟ್ಟವರು ರೆನಾಲ್ಡ್ಸ್, 1886ರಲ್ಲಿ, ರಾಯಲ್ ಸೊಸೈಟಿಗೆ ಬರೆದ ದೀರ್ಘ ಪ್ರಬಂಧದಲ್ಲಿ.

ಅವರು ಹೇಳಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಅಚ್ಚು ಮತ್ತು ಬಳೆ ಒಂದೇ ಅಳತೆಯವಲ್ಲ, ನಡುವೆ ಕೂದಲಿಗಿಂತ ಸಣ್ಣ ಸಂದು. ಭಾರ ಬಿದ್ದಾಗ ಅಚ್ಚು ಒಂದು ಕಡೆ ಸರಿಯುತ್ತದೆ. ಹಾಗಾಗಿ ಸಂದು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು, ಬೆಣೆಯ ಆಕಾರ. ಎಣ್ಣೆಗೆ ಅಂಟುವ ಗುಣವಿದೆ. ತಿರುಗುವ ಅಚ್ಚು ಅದನ್ನು ಅಗಲದಿಂದ ಕಿರಿದಿನ ಕಡೆಗೆ ಎಳೆದುಕೊಂಡು ಹೋಗುತ್ತದೆ. ಅಷ್ಟೆಲ್ಲ ಎಣ್ಣೆ ಆ ಕಿರಿದಾದ ಜಾಗದಲ್ಲಿ ಹಿಡಿಯುವುದಿಲ್ಲ, ಒತ್ತಡ ಏರುತ್ತದೆ. ಆ ಒತ್ತಡವೇ ಭಾರವನ್ನು ಹೊರುತ್ತದೆ. ಕಬ್ಬಿಣ ಹಿತ್ತಾಳೆಯನ್ನು ಮುಟ್ಟುವುದೇ ಇಲ್ಲ, ನಡುವೆ ಎಣ್ಣೆಯ ಪದರ ತೇಲಿಸುತ್ತದೆ. ನೀರು ನಿಂತ ಗ್ರಾನೈಟ್ ನೆಲದ ಮೇಲೆ ಜೋರಾಗಿ ಹೆಜ್ಜೆ ಇಟ್ಟಾಗ ಚಪ್ಪಲಿ ಸರ್ರನೆ ಜಾರುತ್ತದಲ್ಲ, ಆಗಲೂ ಚಪ್ಪಲಿಯ ಕೆಳಗೆ ಇಂಥದೇ ನೀರಿನ ಪದರ ಸಿಕ್ಕಿರುತ್ತದೆ. ನಾವು ಬೀಳುವುದು ಯಾವ ಕಾರಣಕ್ಕೋ ಅದೇ ಕಾರಣಕ್ಕೆ ಇಂಜಿನ್ ಬದುಕುತ್ತದೆ.

ನಿಪ್ಪಾಣಿಯ ಮಿಸ್ತ್ರಿ ಹೇಳಿದ್ದು ಇದನ್ನೇ.

ಈ ಪದರ ಎಷ್ಟು ದಪ್ಪ ಇರುತ್ತದೆ ಎಂಬುದು ಕೆಲವೇ ಸಂಗತಿಗಳ ಮೇಲೆ ನಿಂತಿದೆ. ಎಣ್ಣೆಯ ಗಟ್ಟಿತನ, ಅಂದರೆ ನಮ್ಮ ಪುಸ್ತಕದ ಸ್ನಿಗ್ಧತೆ, ಮತ್ತು ಶಾಫ್ಟಿನ ವೇಗ ಹೆಚ್ಚಿದಷ್ಟೂ ಪದರ ದಪ್ಪವಾಗುತ್ತದೆ. ಭಾರ ಹೆಚ್ಚಿದಷ್ಟೂ ತೆಳುವಾಗುತ್ತದೆ. ಸಂದು ಸವೆದು ದೊಡ್ಡದಾದರೆ ಎಣ್ಣೆ ಪಕ್ಕದಿಂದ ಸೋರಿ ಒತ್ತಡ ಇಳಿಯುತ್ತದೆ. ಇನ್ನೊಂದು ಮಾತನ್ನು ರೆನಾಲ್ಡ್ಸ್ ಬಿಟ್ಟಿರಲಿಲ್ಲ, ಅದು ಶಾಖ. ಟವರ್ ಬಳಸಿದ್ದ ಎಣ್ಣೆಗಳಲ್ಲಿ ಆಲಿವ್ ಎಣ್ಣೆಯೂ ಒಂದು. ಅದರ ಸ್ನಿಗ್ಧತೆ ಬಿಸಿಯಾದಂತೆ ಹೇಗೆ ಇಳಿಯುತ್ತದೆ ಎಂದು ರೆನಾಲ್ಡ್ಸ್ ಸ್ವತಃ ಅಳೆದು ಸೂತ್ರ ಕೊಟ್ಟರು. ಬೇರಿಂಗಿನೊಳಗೆ ಎಣ್ಣೆ ತಾನೇ ಬಿಸಿಯಾಗಿ ತೆಳುವಾಗುವುದನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆಯೇ ಟವರರ ಅಂಕಿಗಳು ಅವರ ಗಣಿತಕ್ಕೆ ಕೂಡಿಬಂದವು.

ಈಗ ಮಾಮಾನ ಜೀಪನ್ನು ಈ ಲೆಕ್ಕದಲ್ಲಿ ಇಟ್ಟು ನೋಡಿ. ಹದಿನೆಂಟು ವರ್ಷ ಸವೆದ ಬೇರಿಂಗು, ಹಾಗಾಗಿ ಸಂದು ದೊಡ್ಡದು. ಘಾಟ್ ಏರಿ ಆಯಿಲ್ ಕುದಿಯುವಂತಾಗಿದೆ, ಹಾಗಾಗಿ ತೆಳು. ನಿಂತಾಗ ಇಂಜಿನ್ ನಿಧಾನ, ಹಾಗಾಗಿ ವೇಗವಿಲ್ಲ. ಮೂರೂ ಕಡೆಯಿಂದ ಪೆಟ್ಟು. ಅದರ ಮೇಲೆ ನಾನು ಮೊದಲೇ ತೆಳುವಾದ ಆಯಿಲ್ ಸುರಿಸಿದ್ದೆ. ಕೆಂಪು ದೀಪ ಹೊತ್ತದೆ ಇನ್ನೇನಾಗಬೇಕಿತ್ತು?

ಡಬ್ಬಿಯ ಮೇಲಿನ ಅಂಕಿಗಳಿಗೂ ಈಗ ಅರ್ಥ ಬಂತು. ಅಮೆರಿಕದ ಎಸ್‌ಎಇ ಎಂಬ ಇಂಜಿನಿಯರರ ಸಂಸ್ಥೆ 1911ರಿಂದ ಆಯಿಲ್‌ಗಳಿಗೆ ಈ ನಂಬರು ಕೊಡುತ್ತ ಬಂದಿದೆ. ಡಬ್ಲ್ಯು ಎಂದರೆ ವಿಂಟರ್, ಚಳಿಗಾಲ. 0ಡಬ್ಲ್ಯು ಆಯಿಲನ್ನು ಸೊನ್ನೆಗಿಂತ 35 ಡಿಗ್ರಿ ಕೆಳಗೆ, 15ಡಬ್ಲ್ಯುವನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಂಜಿನ್ ತಿರುಗಿಸಲು ಬಿಡುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಎರಡನೆಯ ಅಂಕಿ 100 ಡಿಗ್ರಿ ಬಿಸಿಯಲ್ಲಿನ ಸ್ನಿಗ್ಧತೆಯದು. 20 ಎಂದರೆ 6.9ರಿಂದ 9.3 ಸೆಂಟಿಸ್ಟೋಕ್, 40 ಎಂದರೆ 12.5ರಿಂದ 16.3. ಅಂದರೆ ಬಿಸಿ ಇಂಜಿನ್ನಿನಲ್ಲಿ ನಾನು ಹಾಕಿಸಿದ್ದರ ಗಟ್ಟಿತನ ಬೇಕಾದದ್ದಕ್ಕಿಂತ ಹೆಚ್ಚುಕಡಿಮೆ ಅರ್ಧ.

ಇಷ್ಟು ತಿಳಿದ ಮೇಲೆ ಗಟ್ಟಿ ಆಯಿಲೇ ಒಳ್ಳೆಯದು ಎನ್ನಬೇಕೇ? ಅದಕ್ಕೂ ನಮ್ಮ ಮನೆಯಲ್ಲೇ ಉತ್ತರ ಸಿಕ್ಕಿತು. ಅಥಣಿಯಲ್ಲಿರುವ ಕಾಕಾ ಎರಡು ವರ್ಷದ ಹಿಂದೆ ಹೊಸ ಪೆಟ್ರೋಲ್ ಕಾರು ಕೊಂಡಿದ್ದಾರೆ. ಅಥಣಿಯ ಬೇಸಿಗೆ ಗೊತ್ತಲ್ಲ. ಇಷ್ಟು ಬಿಸಿಲಿಗೆ ತೆಳು ಆಯಿಲ್ ನಿಲ್ಲುವುದಿಲ್ಲ ಎಂದು ಯಾರೋ ಹೇಳಿ 20ಡಬ್ಲ್ಯು-50 ಹಾಕಿದ್ದರು. ಕಾಕಾನ ದೂರು ಎರಡು. ಎವರೇಜ್ ಬಿದ್ದಿದೆ, ಮತ್ತು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕೆಲವು ಸೆಕೆಂಡ್ ಟಕಟಕ ಸದ್ದು ಬರುತ್ತದೆ. ಪುಸ್ತಕ ತೆಗೆಸಿ ನೋಡಿದೆ, 0ಡಬ್ಲ್ಯು-20 ಎಂದಿತ್ತು.

ಹೊರಗೆ 42 ಡಿಗ್ರಿ ಬಿಸಿಲಿದ್ದರೂ, ಡಿಸೆಂಬರಿನ ಥಂಡಿಯಿದ್ದರೂ ಓಡುವ ಇಂಜಿನ್ನಿನೊಳಗಿನ ಆಯಿಲ್ ಸುಮಾರು 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಥರ್ಮೋಸ್ಟಾಟ್ ಮತ್ತು ರೇಡಿಯೇಟರ್ ಇರುವುದೇ ಅದಕ್ಕೆ. ಹಾಗಾಗಿ ಅಥಣಿಯ ಬಿಸಿಲು ಆಯಿಲಿಗೆ ನಾವಂದುಕೊಂಡಷ್ಟು ದೊಡ್ಡ ವಿಷಯವಲ್ಲ. ತಣ್ಣಗಿನ ಸ್ಟಾರ್ಟ್ ದೊಡ್ಡ ವಿಷಯ. ನಮ್ಮಲ್ಲಿ ಹಿಮ ಬೀಳುವುದಿಲ್ಲ ನಿಜ, ಆದರೆ 15 ಡಿಗ್ರಿಯ ಬೆಳಿಗ್ಗೆ ಕೂಡ ಆಯಿಲ್ ಬಿಸಿ ಇದ್ದಾಗಿನದಕ್ಕಿಂತ ಹತ್ತಾರು ಪಟ್ಟು ಗಟ್ಟಿಯಾಗಿರುತ್ತದೆ. ಹೊಸ ಇಂಜಿನ್ನುಗಳಲ್ಲಿ ಸಂದು ಸಣ್ಣದು, ಆಯಿಲ್ ಹಾಯುವ ದಾರಿ ಕಿರಿದು, ವಾಲ್ವಿನ ಹೊತ್ತು ಹೊಂದಿಸುವ ಭಾಗವೂ ಎಷ್ಟೋ ಕಾರುಗಳಲ್ಲಿ ಆಯಿಲ್ ಒತ್ತಡದಿಂದಲೇ ನಡೆಯುತ್ತದೆ. ಗಟ್ಟಿ ಆಯಿಲ್ ಮೇಲೆ ತಲುಪುವುದು ತಡ. ತಲುಪಿದ ಮೇಲೂ ಅದನ್ನು ಕಲಕುವುದಕ್ಕೇ ಪೆಟ್ರೋಲು ಖರ್ಚು. ಕಾಕಾ ಪುಸ್ತಕದಲ್ಲಿದ್ದದ್ದನ್ನೇ ಹಾಕಿಸಿದ ಮೇಲೆ ಬೆಳಗಿನ ಸದ್ದು ನಿಂತಿತು. ಎವರೇಜ್ ಸ್ವಲ್ಪ ಮೇಲೆ ಬಂದಿದೆ ಎನ್ನುತ್ತಾರೆ. ಎಷ್ಟು ಎಂದರೆ ದಿನಕ್ಕೊಂದು ಲೆಕ್ಕ ಹೇಳುತ್ತಾರೆ.

ಒಂದೇ ಮನೆತನ, ಎರಡು ಗಾಡಿ, ಎರಡು ತದ್ವಿರುದ್ಧ ತಪ್ಪು. ಎರಡಕ್ಕೂ 1886ರ ಒಂದೇ ಸಮೀಕರಣ.

ಕಾಗವಾಡ ಕಡೆಯ ನಮ್ಮ ಅಜ್ಜನಿಗೆ ಇದನ್ನೆಲ್ಲ ಹೇಳಿದೆ. ಅವರು ನಕ್ಕರು. ಕಟ್ಟಿಗೆಯ ಗಾಲಿಯ ಚಕ್ಕಡಿ ಇದ್ದ ಕಾಲಕ್ಕೆ ಔಡಲ ಎಣ್ಣೆಗೆ ಹುಲ್ಲು ಸುಟ್ಟ ಮಸಿ ಕಲಸಿ ಕೀಲೆಣ್ಣೆ ಮಾಡುತ್ತಿದ್ದರಂತೆ. ಕಬ್ಬಿನ ಹೇರಿಗೆ ಗಟ್ಟಿಯಾಗಿ, ಬರಿ ಚಕ್ಕಡಿ ಓಡಿಸಲಿಕ್ಕೆ ಸ್ವಲ್ಪ ಸಡಿಲವಾಗಿ. ಗಾಲಿ ನಿಧಾನ, ಭಾರ ಹೆಚ್ಚು, ಹಾಗಾಗಿ ಎಣ್ಣೆ ಗಟ್ಟಿ. ರೆನಾಲ್ಡ್ಸರ ಲೆಕ್ಕಕ್ಕೆ ಇದು ಸರಿಯಾಗಿ ಕೂಡುತ್ತದೆ. ಅಜ್ಜನ ಬಳಿ ಉತ್ತರ ಇತ್ತು, ಯಾಕೆ ಎಂಬುದನ್ನು ಯಾರೂ ಕೇಳಿರಲಿಲ್ಲ.

ರೆನಾಲ್ಡ್ಸರ ಉಳಿದ ಬದುಕನ್ನು ಬೇಗ ಹೇಳಬಹುದು. 1888ರಲ್ಲಿ ರಾಯಲ್ ಸೊಸೈಟಿಯ ರಾಯಲ್ ಪದಕ ಬಂತು. ಮರ್ಸಿ ನದಿಯ ಅಳಿವೆಯ ಸಣ್ಣ ಮಾದರಿ ಮಾಡಿ, ಭರತ ಇಳಿತಕ್ಕೆ ಮರಳು ಹೇಗೆ ಸರಿಯುತ್ತದೆ ಎಂದು ನೋಡಿದರು. ಹಡಗು, ಪಂಪು, ಶಾಖ ಎಲ್ಲದಕ್ಕೂ ಕೈ ಹಾಕಿದರು. ಕೊನೆಕೊನೆಗೆ ಇಡೀ ವಿಶ್ವವೇ ಕಣ್ಣಿಗೆ ಕಾಣದ ಸಣ್ಣ ಗುಂಡುಗಳಿಂದ ತುಂಬಿದೆ ಎಂಬ ಸಿದ್ಧಾಂತ ಹಿಡಿದು 1903ರಲ್ಲಿ ದೊಡ್ಡ ಪುಸ್ತಕ ಬರೆದರು. ಅದನ್ನು ವಿಜ್ಞಾನ ಲೋಕ ಒಪ್ಪಲಿಲ್ಲ. ತಮ್ಮ ಬದುಕಿನ ದೊಡ್ಡ ಕೆಲಸ ಎಂದು ಅವರು ಅಂದುಕೊಂಡಿದ್ದು ಅದನ್ನೇ ಇರಬೇಕು ಎಂದು ನನಗೆ ಅನಿಸುತ್ತದೆ. ಉಳಿದದ್ದು ಮಾತ್ರ ಬಣ್ಣದ ನೀರಿನ ಕೊಳವೆ ಮತ್ತು ಎಣ್ಣೆಯ ಪದರ. ಆರೋಗ್ಯ, ನೆನಪು ಎರಡೂ ಕುಂದಿ 1905ರಲ್ಲಿ ನಿವೃತ್ತರಾದರು. 1908ರಲ್ಲಿ ಜರ್ಮನಿಯ ಸೊಮ್ಮರ್‌ಫೆಲ್ಡ್ ಆ ಅಂಕಿಗೆ ರೆನಾಲ್ಡ್ಸ್ ನಂಬರ್ ಎಂದು ಹೆಸರಿಟ್ಟಾಗ ಅವರು ಬದುಕಿದ್ದರು, ಅದು ಅವರ ಅರಿವಿಗೆ ಬಂತೋ ಇಲ್ಲವೋ. 1912ರ ಫೆಬ್ರುವರಿ 21ರಂದು, ಸಮರ್‌ಸೆಟ್‌ನ ವಾಚೆಟ್ ಎಂಬ ಸಮುದ್ರದಂಡೆಯ ಊರಿನಲ್ಲಿ ತೀರಿಕೊಂಡರು. ಅವರ ಪೈಪಿನ ತೊಟ್ಟಿ ಇಂದಿಗೂ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿದೆ.

ನನ್ನ ಫ್ಲೂಯಿಡ್ ಮೆಕ್ಯಾನಿಕ್ಸ್ ಪರೀಕ್ಷೆ ಮುಂದಿನ ತಿಂಗಳು ಮತ್ತೆ ಇದೆ. ಬ್ಯಾಕ್‌ಲಾಗಿನ ವಿಷಯ ಮನೆಯಲ್ಲಿ ಹೇಳಿದ್ದೇನೆ. ಮೊದಲು ಹೇಳಿದ್ದು ಮಾಮಾನಿಗೆ, ನಿಪ್ಪಾಣಿಯಿಂದ ವಾಪಸ್ ಬರುವಾಗ ಅದೇ ಜೀಪಿನಲ್ಲಿ. ಅವರು ರಸ್ತೆಯಿಂದ ಕಣ್ಣು ತೆಗೆಯದೆ, ಓದಿಕೋ ಎಂದರು, ಅಷ್ಟೇ. ಮೊನ್ನೆ ಫೋನ್ ಮಾಡಿ, ಪಕ್ಕದ ಮನೆಯವರ ಟ್ರ್ಯಾಕ್ಟರಿಗೆ ಯಾವ ಆಯಿಲ್ ಹಾಕಬೇಕು ಎಂದು ಕೇಳಿದರು. ಟ್ರ್ಯಾಕ್ಟರಿನ ಪುಸ್ತಕದ ಆ ಪುಟದ ಫೋಟೋ ಮೊದಲು ಕಳಿಸಿ ಎಂದೆ. ಪುಸ್ತಕ ಸಿಗುತ್ತಿಲ್ಲವಂತೆ, ಮಾಡದ ಮೇಲೆ ಹುಡುಕುತ್ತಿದ್ದಾರೆ.